ಅಮ್ಮನ ಎರಡೂ ಕೈ ಕಾಣುವಂಥ ಕಂಪ್ಯೂಟರ್

ಹೋದ ವರ್ಷದ ಆಟಿ ತಿಂಗಳು. ಮಳೆಗಾಲದ ನಡುವೆ ಬರುವ ಈ ತಿಂಗಳಲ್ಲಿ ನಮ್ಮ ತುಳು ಮನೆಗಳಲ್ಲಿ ಶುಭಕಾರ್ಯ ಮಾಡುವುದಿಲ್ಲ, ಹೊಸ ಸಾಮಾನು ಮನೆಗೆ ತರುವುದಿಲ್ಲ. ಅಂಥ ತಿಂಗಳಲ್ಲೇ ನಾನು ಮನೆಗೊಂದು ಡೆಸ್ಕ್‌ಟಾಪ್ ಕಂಪ್ಯೂಟರ್ ತರಬೇಕಾಗಿ ಬಂತು. ಕಲಬುರಗಿಯ ಕಾಲೇಜೊಂದರಲ್ಲಿ ನನಗೆ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಆಟಿ ಕಳೆಯುವ ಮೊದಲೇ ಹೋಗಿ ಸೇರಬೇಕಿತ್ತು. ನಾನು ಹೊರಟುಹೋದರೆ ಅಪ್ಪ ಮತ್ತು ಅಮ್ಮನ ನಡುವೆ ಮಾತು ನಿಂತುಹೋಗುತ್ತದೆ ಎಂಬುದು ನನ್ನ ಭಯ.

ಅವರಿಬ್ಬರಿಗೆ ಜಗಳವೇನೂ ಇಲ್ಲ. ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಬಾಯಿಂದ ಮಾತು ಬರುವುದಿಲ್ಲ. ಅಪ್ಪ ಇರುವುದು ಬಹ್ರೈನಿನಲ್ಲಿ, ಒಂದು ಗೋದಾಮಿನ ಕೆಲಸದಲ್ಲಿ. ನಾನು ಸಣ್ಣವಳಿದ್ದಾಗಲೇ ಹೋದವರು, ಎರಡು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ರಜೆಗೆ ಬರುತ್ತಾರೆ. ಉಳಿದ ಕಾಲವೆಲ್ಲ ಅವರ ಸಂಸಾರ ನಡೆದದ್ದು ಫೋನಿನಲ್ಲಿ. ಫೋನು ಹಿಡಿಯುತ್ತಿದ್ದವಳು ನಾನು. ಅಪ್ಪ ಹೇಳಿದ್ದನ್ನು ಅಮ್ಮನಿಗೆ ಸನ್ನೆಯಲ್ಲಿ ಹೇಳುವುದು, ಅಮ್ಮ ಸನ್ನೆಯಲ್ಲಿ ಹೇಳಿದ್ದನ್ನು ಅಪ್ಪನಿಗೆ ಬಾಯಲ್ಲಿ ಹೇಳುವುದು. ಅಕ್ಷರ ಕಲಿಯುವ ಮೊದಲೇ ನಾನು ಈ ಕೆಲಸ ಕಲಿತಿದ್ದೆ.

ಅಮ್ಮ ಶಾಲೆಗೆ ಹೋದವಳಲ್ಲ. ಅವಳ ಊರಿನಲ್ಲಿ ಕಿವಿ ಕೇಳದ ಮಕ್ಕಳಿಗೆ ಶಾಲೆ ಇರಲಿಲ್ಲ. ಬಸ್ಸಿನ ನಂಬರು ಗುರುತಿಸುತ್ತಾಳೆ, ತನ್ನ ಹೆಸರು ಬರೆಯುತ್ತಾಳೆ, ಅಷ್ಟೆ. ಹಾಗಾಗಿ ಮೆಸೇಜು ಬರೆದು ಓದುವುದು ಆಗದ ಮಾತು. ಅವಳ ಸನ್ನೆಗಳೂ ಯಾವ ಪುಸ್ತಕದಲ್ಲೂ ಇರುವಂಥವಲ್ಲ. ಕೆಲವು ತೀರಿಹೋದ ಅಜ್ಜಿ ಮಾಡಿಕೊಟ್ಟದ್ದು, ಕೆಲವು ಮದುವೆಯಾದ ಹೊಸತರಲ್ಲಿ ಅಪ್ಪ ಮತ್ತು ಅಮ್ಮ ಸೇರಿ ಮಾಡಿಕೊಂಡದ್ದು. ಆ ಭಾಷೆ ಪೂರ್ತಿ ಬಲ್ಲವರು ಲೋಕದಲ್ಲಿ ನಾವು ಮೂವರೇ.

ವಿಡಿಯೋ ಕಾಲ್ ಮಾಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಮಾಡಿ ನೋಡಿದ್ದೆವು. ಒಂದು ಕೈಯಲ್ಲಿ ಫೋನು ಹಿಡಿದರೆ ಮಾತಿಗೆ ಉಳಿಯುವುದು ಒಂದೇ ಕೈ. ಒಂದೇ ಕೈಯಲ್ಲಿ ಮಾತಾಡುವುದೆಂದರೆ ಅರ್ಧ ಬಾಯಿ ಮುಚ್ಚಿಕೊಂಡು ಮಾತಾಡಿದ ಹಾಗೆ. ಉಪ್ಪಿನಕಾಯಿ ಭರಣಿಗೆ ಒರಗಿಸಿ ಇಟ್ಟರೆ ಫೋನು ಜಾರುತ್ತಿತ್ತು. ಮುಖ ಕಂಡರೆ ಕೈ ಕಾಣದು, ಕೈ ಕಂಡರೆ ಮುಖ ಕಾಣದು. ಅಮ್ಮನ ಕಣ್ಣಿಗೆ ಈಚೆಗೆ ಕನ್ನಡಕ ಬೇರೆ ಬಂದಿದೆ. ಫೋನಿನೊಳಗಿನ ಅಪ್ಪನ ಬೆರಳುಗಳು ಅವಳಿಗೆ ಬೆಂಕಿಕಡ್ಡಿಯ ಹಾಗೆ. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಕೊನೆಗೆ ಫೋನನ್ನು ನನ್ನ ಕೈಗೆ ಕೊಟ್ಟು, 'ನೀನೇ ಹೇಳು' ಎನ್ನುತ್ತಿದ್ದಳು.

ಕೆಲಸದ ಆದೇಶ ಬಂದ ದಿನ ಅಮ್ಮ ಸೀರೆಯೊಂದಕ್ಕೆ ಫಾಲ್ಸ್ ಹೊಲಿಯುತ್ತಾ ಕೂತಿದ್ದಳು. ಅದು ಅವಳ ಸಂಪಾದನೆ. ಸೂಜಿ ಕೈಯಲ್ಲಿದ್ದಾಗ ಅಮ್ಮ ಮಾತಾಡುವುದಿಲ್ಲ, ಕೈ ಬಿಡುವಿರುವುದಿಲ್ಲ. ವಿಷಯ ಹೇಳಿದೆ. ಅಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿ, ಎರಡೂ ಕೈಯಿಂದ ನನ್ನ ಮುಖ ಹಿಡಿದುಕೊಂಡಳು. ಆಮೇಲೆ ಕೈ ಬಿಟ್ಟು ಕೇಳಿದಳು: 'ಅಪ್ಪನಿಗೆ ಯಾರು ಹೇಳುವುದು?'

'ಈಗಲೇ ಫೋನ್ ಮಾಡಿ ಹೇಳ್ತೇನೆ' ಎಂದೆ.

ಅಮ್ಮ ತಲೆಯಾಡಿಸಿದಳು. 'ಇದಲ್ಲ. ನೀನು ಹೋದ ಮೇಲೆ.'

ಅವಳು ಸೂಜಿ ತೆಗೆದುಕೊಂಡು ಹೊಲಿಯತೊಡಗಿದಳು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಹೇಳುವುದು ನನಗೆ ಸುಲಭವಲ್ಲ. ನನಗೊಬ್ಬ ತಮ್ಮ ಇದ್ದ. ಅವನ ಗಲ್ಲದಲ್ಲಿ ಒಂದು ಮಚ್ಚೆ ಇತ್ತು, ಕಿರುಬೆರಳಿನಿಂದ ಗಲ್ಲ ಮುಟ್ಟಿದರೆ ನಮ್ಮ ಮನೆಯಲ್ಲಿ ಅದು ಅವನ ಹೆಸರು. ಶಾಲೆಗೆ ಸೇರುವ ಮೊದಲೇ, ಒಂದು ಆಟಿಯಲ್ಲಿ, ಜ್ವರ ಬಂದು ತೀರಿಹೋದ. ಅಪ್ಪನಿಗೆ ಬರಲು ಆಗಲಿಲ್ಲ. ಅಪ್ಪನ ಕರೆ ಬಂದಾಗ ನಾನು ಏಳನೇ ತರಗತಿಯ ಹುಡುಗಿ. ಅಮ್ಮ ನನ್ನೆದುರು ನಿಂತು ಏನೇನು ಸನ್ನೆ ಮಾಡಿದಳೋ ಅದನ್ನೆಲ್ಲ ನಾನು ಫೋನಿನಲ್ಲಿ ಹೇಳಿದೆ. ಅಪ್ಪ ಏನೇನು ಹೇಳಿದರೋ ಅದನ್ನೆಲ್ಲ ಅಮ್ಮನಿಗೆ ಹೇಳಿದೆ. ಒಂದು ಹಂತದಲ್ಲಿ ಅಪ್ಪ ಮಾತು ನಿಲ್ಲಿಸಿದರು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಅಳುತ್ತಿದ್ದಾರೆ ಎಂಬುದನ್ನೂ ನಾನೇ ಹೇಳಬೇಕಾಯಿತು.

ಆಮೇಲೆ ಫೋನಿನಲ್ಲಿ ಅಮ್ಮ ಯಾವತ್ತೂ ಕಿರುಬೆರಳನ್ನು ಗಲ್ಲಕ್ಕೆ ಒಯ್ಯಲಿಲ್ಲ. ಅಪ್ಪನೂ ಆ ಹೆಸರು ಎತ್ತಲಿಲ್ಲ. ನನ್ನನ್ನು ನೋಯಿಸಬಾರದೆಂದು ಇರಬೇಕು. ನಮ್ಮಲ್ಲಿ ಆಟಿಯ ಒಂದು ಸಂಜೆ ಸತ್ತವರಿಗೆ ಬಡಿಸುವ ಕ್ರಮವಿದೆ. ಒಳಕೋಣೆಯಲ್ಲಿ ದೀಪ ಹಚ್ಚಿ, ಬಾಳೆಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಮಾತಾಡದೆ ನಿಲ್ಲುತ್ತೇವೆ. ಅವರು ಬಂದು ಉಣ್ಣಲಿ ಎಂದು. ತಮ್ಮನಿಗೂ ಒಂದು ಸಣ್ಣ ಎಲೆ ಇರುತ್ತದೆ. ಪ್ರತಿ ವರ್ಷ ಆ ದಿನ ಅಪ್ಪ ಫೋನ್ ಮಾಡಿ, "ಬಡಿಸಿ ಆಯ್ತಾ ಮಗಾ?" ಎಂದು ಕೇಳುತ್ತಿದ್ದರು. "ಆಯ್ತು ಅಪ್ಪ" ಎನ್ನುತ್ತಿದ್ದೆ. ಅಷ್ಟೇ. ಅಪ್ಪ ಆಟಿಯಲ್ಲಿ ಮನೆಯಲ್ಲಿ ಇದ್ದದ್ದೇ ಇಲ್ಲ.

ಕಂಪ್ಯೂಟರ್ ತರುವ ಯೋಚನೆ ಹೇಳಿದಾಗ ಅಪ್ಪ, "ಖರ್ಚು ಎಂತಕ್ಕೆ ಮಗಾ? ನೀನು ರಜೆಯಲ್ಲಿ ಬರ್ತಿ ಅಲ್ವಾ, ಆಗ ಮಾತಾಡಿದ್ರಾಯ್ತು" ಎಂದರು. ಅಮ್ಮನೂ ಬೇಡವೆಂದಳು. ಪಕ್ಕದ ಮನೆಯಲ್ಲಿರುವ ಅತ್ತೆ, ಅಂದರೆ ಅಪ್ಪನ ಅಕ್ಕ, ಬೇಲಿಯಾಚೆಯಿಂದಲೇ ಶುರು ಮಾಡಿದರು.

"ನಿನ್ನ ಅಮ್ಮನಿಗೆ ಕಂಪ್ಯೂಟರ್ ಎಂತಕ್ಕೆ ಮಾರಾಯ್ತಿ? ಮಿಕ್ಸಿ ಹಾಳಾಗಿ ಎಷ್ಟು ದಿನ ಆಯ್ತು, ಅದು ತೆಗೆ ಮೊದಲು."

"ಮಿಕ್ಸಿಯಲ್ಲಿ ಅಪ್ಪ ಕಾಣುವುದಿಲ್ಲ ಅತ್ತೆ."

"ಹ್ಞಾಂ, ದೊಡ್ಡ ಮಾತು. ಆದ್ರೆ ಆಟಿಯಲ್ಲಿ ಯಾರಾದ್ರೂ ಹೊಸ ಸಾಮಾನು ಮನೆಗೆ ತರ್ತಾರಾ? ಓದಿದವರಿಗೆ ಇದೆಲ್ಲ ಹೇಳ್ಬೇಕಾ?"

"ಹೊಸದು ಅಲ್ಲ ಅತ್ತೆ. ಆಫೀಸಿನಲ್ಲಿ ಉಪಯೋಗಿಸಿ ಬಿಟ್ಟದ್ದು. ಹಳೆಯದು."

ಅತ್ತೆ ಸ್ವಲ್ಪ ಯೋಚಿಸಿದರು. "ಹಳತಾದ್ರೆ ಅಡ್ಡಿಲ್ಲ" ಎಂದು ಒಳಗೆ ಹೋದರು.

ನಿಜವಾಗಿಯೂ ನನ್ನ ಕೈಗೆ ಎಟುಕುತ್ತಿದ್ದದ್ದು ಅಂಥದ್ದೇ. ಕಂಪನಿಗಳು ಉಪಯೋಗಿಸಿ ಬದಲಾಯಿಸಿದ ಡೆಸ್ಕ್‌ಟಾಪುಗಳನ್ನು ಒರೆಸಿ, ಹೊಸ ಭಾಗ ಹಾಕಿ, ವಾರಂಟಿ ಕೊಟ್ಟು ಮಾರುವ ಅಂಗಡಿಯೊಂದು ಪೇಟೆಯ ನಡುವಿನ ಹಂಪನಕಟ್ಟೆಯಲ್ಲಿ ಇದೆ ಎಂದು ತಿಳಿದಿತ್ತು. ಲ್ಯಾಪ್‌ಟಾಪ್ ಬೇಡವೆಂದು ಮೊದಲೇ ನಿರ್ಧರಿಸಿದ್ದೆ. ಅಮ್ಮನಿಗೆ ಬೇಕಾದದ್ದು ದೊಡ್ಡ ಪರದೆ, ಒಂದೇ ಜಾಗದಲ್ಲಿ ನಿಲ್ಲುವ ಯಂತ್ರ, ಕ್ಯಾಮೆರಾವನ್ನು ಬೇಕಾದ ಎತ್ತರಕ್ಕೆ ಇಡುವ ಅನುಕೂಲ. ಅದೇ ದುಡ್ಡಿಗೆ ಡೆಸ್ಕ್‌ಟಾಪಿನಲ್ಲಿ ಇದೆಲ್ಲ ಸಿಗುತ್ತದೆ.

ಒಂದು ಮಧ್ಯಾಹ್ನ ನಮ್ಮ ಮನೆ ಇರುವ ಜೆಪ್ಪುವಿನಿಂದ ಸಿಟಿ ಬಸ್ಸು ಹತ್ತಿ ಇಬ್ಬರೂ ಹೋದೆವು. ಬಸ್ಸಿನಲ್ಲಿ ಅಮ್ಮ ಎಂದಿನಂತೆ ಕೈ ಎತ್ತಿ, ಅಗಲವಾಗಿ, ಮುಖವನ್ನೆಲ್ಲ ಬಳಸಿ ಮಾತಾಡುತ್ತಿದ್ದಳು. ನಾನು ಎಂದಿನಂತೆ ಕೈಯನ್ನು ಮಡಿಲಿನಲ್ಲೇ ಇಟ್ಟು, ಬೆರಳ ತುದಿಯಲ್ಲಿ ಉತ್ತರಿಸುತ್ತಿದ್ದೆ. ಜನ ನೋಡುವುದು ನನಗೆ ಆಗುವುದಿಲ್ಲ. ಎದುರಿನ ಸೀಟಿನ ಹೆಂಗಸು ಬಹಳ ಹೊತ್ತು ನೋಡಿ, "ಪಾಪ, ಎಷ್ಟು ಚಂದ ಇದ್ದಾರೆ, ಮಾತು ಬರುವುದಿಲ್ಲವಾ?" ಎಂದು ನನ್ನನ್ನು ಕೇಳಿದರು.

'ಏನು ಹೇಳಿದಳು?' ಅಮ್ಮ ಕೇಳಿದಳು.

'ಈ ಬಸ್ಸು ಎಲ್ಲಿಗೆ ಹೋಗ್ತದೆ ಅಂತ.'

'ಸುಳ್ಳು. ಪಾಪ ಅಂದಳು. ಆ ಮುಖ ನನಗೆ ಗೊತ್ತು.' ಹಾಗೆಂದು ಅಮ್ಮ ಆ ಹೆಂಗಸಿನ ಹಾಗೆಯೇ ಹುಬ್ಬು ಕೂಡಿಸಿ, ತುಟಿ ಇಳಿಬಿಟ್ಟು ತೋರಿಸಿದಳು. ನಾನು ಕಿಟಕಿಯ ಕಡೆ ತಿರುಗಿದೆ. ನಗು ಬಂದಿತ್ತು, ನಾಚಿಕೆಯೂ ಆಗಿತ್ತು.

ಅಂಗಡಿ ಮಹಡಿಯ ಮೇಲಿತ್ತು. ಉದ್ದನೆಯ ಕೋಣೆ, ಎರಡೂ ಬದಿಯಲ್ಲಿ ಮಾನಿಟರುಗಳ ಸಾಲು. ಅಂಗಡಿಯವರು ನಡುವಯಸ್ಸಿನ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರು; ಗಡ್ಡಕ್ಕೆ ಮದರಂಗಿ ಹಚ್ಚಿದ್ದರು. ಯಾರೋ ಕೆಳಗಿನಿಂದ "ರಝಾಕ್ ಭಾಯ್" ಎಂದು ಕರೆದದ್ದರಿಂದ ಹೆಸರು ಗೊತ್ತಾಯಿತು.

"ಎಂತ ಉಪಯೋಗಕ್ಕೆ ಮೇಡಂ?"

"ಮನೆ ಉಪಯೋಗಕ್ಕೆ."

"ಮನೆ ಉಪಯೋಗ ಅಂದ್ರೆ ಎಂತ? ಮಕ್ಕಳ ಗೇಮ್ಸ್ ಉಂಟಾ? ಎಡಿಟಿಂಗ್ ಎಲ್ಲ ಉಂಟಾ?"

"ಇಲ್ಲ. ಸಾಮಾನ್ಯ ಬಳಕೆ. ವಿಡಿಯೋ ಕಾಲ್ ಮಾಡ್ಲಿಕ್ಕೆ."

"ಹಾಗಾದ್ರೆ ಇದು ಧಾರಾಳ ಆಯ್ತು" ಎಂದು ಒಂದು ಸಣ್ಣ ಕಪ್ಪು ಪೆಟ್ಟಿಗೆಯಂಥ ಸಿಪಿಯು ತೋರಿಸಿದರು. "ಎಂಟು ಜಿಬಿ ರ್‍ಯಾಮ್ ಉಂಟು, ಎಸ್‌ಎಸ್‌ಡಿ ನಾನು ಹೊಸತು ಹಾಕಿದ್ದೇನೆ. ಒತ್ತಿದ ಕೂಡಲೇ ಓಪನ್ ಆಗ್ತದೆ. ಹೆಚ್ಚು ದುಡ್ಡಿನದ್ದು ನಾನು ಮಾರಬಹುದು, ಆದ್ರೆ ನಿಮಗೆ ಬೇಡ. ಮಾರುತಿ ಸಾಕಾಗುವಲ್ಲಿ ಲಾರಿ ಎಂತಕ್ಕೆ?"

ಅವರ ಮಾತು ನನಗೆ ಹಿಡಿಸಿತು. ಮನೆಯಲ್ಲಿ ಓದಿ ತಿಳಿದುಕೊಂಡು ಬಂದದ್ದಕ್ಕೂ ಅದು ಸರಿಹೋಗುತ್ತಿತ್ತು. ಆಮೇಲೆ ನಾನು, "ಸ್ಪೀಕರ್ ಚೆನ್ನಾಗಿರಬೇಕು. ಧ್ವನಿ ಸ್ಪಷ್ಟ ಕೇಳಬೇಕು" ಎಂದೆ.

ರಝಾಕ್ ಒಂದೊಂದೇ ಜೊತೆ ಸ್ಪೀಕರುಗಳನ್ನು ತೆಗೆದು ಸಿಕ್ಕಿಸಿದರು. ಯಾರೋ ಮಾತಾಡುವ ಒಂದು ವಿಡಿಯೋ ಹಾಕಿದರು. ನಾನು ಬಗ್ಗಿ, ಕಿವಿಗೊಟ್ಟು, ಇದರಲ್ಲಿ ಸ್ವಲ್ಪ ಕೊರೆಯುತ್ತದೆ, ಅದರಲ್ಲಿ ದಪ್ಪ ಕೇಳುತ್ತದೆ ಎಂದು ಹೋಲಿಸುತ್ತಿದ್ದೆ. ಅವರೂ ಶ್ರದ್ಧೆಯಿಂದ ಬದಲಾಯಿಸಿ ಬದಲಾಯಿಸಿ ಕೇಳಿಸುತ್ತಿದ್ದರು. ಅಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದವಳು ಎದ್ದು ಬಂದಳು. ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ಅದು ಅದುರುವುದು ಅವಳ ಕೈಗೆ ತಿಳಿಯಿತು. ನನ್ನ ಕಡೆ ತಿರುಗಿ ಕೇಳಿದಳು: 'ಇದು ಯಾರಿಗೆ?'

ನಾನು ಕೈ ಎತ್ತಿದವಳು ಹಾಗೇ ನಿಂತೆ. ಅಮ್ಮನಿಗೆ ಕೇಳುವುದಿಲ್ಲ. ಅಪ್ಪ ಕೈಯಲ್ಲಿ ಮಾತಾಡಬೇಕೆಂದೇ ಈ ಯಂತ್ರ. ನಾನು ಮನೆಯಲ್ಲಿ ಇರುವುದಿಲ್ಲ. ಆದರೂ ಇಷ್ಟು ಹೊತ್ತು ನಾನು ಆರಿಸುತ್ತಿದ್ದದ್ದು ನನ್ನ ಕಿವಿಗೆ. ಅವರಿಬ್ಬರ ಮಾತೆಂದರೆ ನನ್ನ ಕಿವಿಯಿಂದ ಒಳಬಂದು ನನ್ನ ಬಾಯಿಂದ ಹೊರಹೋಗುವ ಸದ್ದು ಎಂದೇ ನಾನು ತಿಳಿದಿದ್ದೆ. ಅದು ಬೇರೆ ಹೇಗಾದರೂ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ರಝಾಕ್ ಕಾಯುತ್ತಿದ್ದರು. "ಮೇಡಂ, ಯಾವುದು ಕೊಡ್ಲಿ?"

"ಸ್ಪೀಕರ್ ಬೇಡ" ಎಂದೆ. "ಕ್ಯಾಮೆರಾ ತೋರಿಸಿ."

ಅವರು ಒಮ್ಮೆ ನನ್ನನ್ನು, ಒಮ್ಮೆ ಅಮ್ಮನನ್ನು ನೋಡಿದರು. "ಡೆಸ್ಕ್‌ಟಾಪಿಗೆ ಕ್ಯಾಮೆರಾ ಬೇರೆ ತೆಗೀಬೇಕು" ಎಂದು ಒಂದನ್ನು ತಂದು ಮಾನಿಟರಿನ ಮೇಲೆ ಸಿಕ್ಕಿಸಿದರು. ಪರದೆಯ ಮೇಲೆ ಅಮ್ಮನ ಮುಖ ಬಂತು. ಅಮ್ಮ ತನ್ನನ್ನೇ ನೋಡಿಕೊಂಡು ಕೂದಲು ಸರಿಮಾಡಿಕೊಂಡಳು. ಆಮೇಲೆ ಕೈ ಎತ್ತಿ ಏನೋ ಹೇಳಿದಳು. ಪರದೆಯಲ್ಲಿ ಅವಳ ಬೆರಳುಗಳು ಕರಗಿ, ಬಿಳಿ ಹೊಗೆಯಂತೆ ಎಳೆದುಹೋದವು. ಅವಳ ಕೈ ನಿಂತು ಸ್ವಲ್ಪ ಹೊತ್ತಾದ ಮೇಲಷ್ಟೇ ಚಿತ್ರದಲ್ಲಿ ಕೈ ನಿಂತಿತು.

"ಮಾತಾಡ್ಲಿಕ್ಕೆ ಇದು ಸಾಕು ಮೇಡಂ. ಗಲ್ಫಿಗೆ ಮಾತಾಡುವವರು ಎಲ್ಲರೂ ಇದನ್ನೇ ತೆಗೊಳ್ಳುವುದು."

ಇನ್ನು ಹೇಳದೆ ಉಪಾಯವಿರಲಿಲ್ಲ. ಬೇರೆ ಇಬ್ಬರು ಗಿರಾಕಿಗಳು ಕೌಂಟರಿನ ಹತ್ತಿರ ಇದ್ದರು. ನನ್ನ ಮುಖ ಬಿಸಿಯಾದದ್ದು ನನಗೇ ಗೊತ್ತಾಗುತ್ತಿತ್ತು. "ಇವರು ನನ್ನ ಅಮ್ಮ. ಇವರಿಗೆ ಕಿವಿ ಕೇಳುವುದಿಲ್ಲ. ಇವರು ಮಾತಾಡುವುದು ಕೈಯಲ್ಲಿ. ಅಪ್ಪ ಬಹ್ರೈನಿನಲ್ಲಿ ಇರುವುದು. ಅವರಿಬ್ಬರೇ ಮಾತಾಡಿಕೊಳ್ಳಬೇಕು, ನಾನು ಇರುವುದಿಲ್ಲ" ಎಂದೆ. ಅಪರಿಚಿತರ ಎದುರು ನಮ್ಮ ಮನೆಯ ವಿಷಯ ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ರಝಾಕ್ ಮಾನಿಟರಿನ ಮೇಲಿದ್ದ ಕ್ಯಾಮೆರಾ ಕಳಚಿದರು. ಆಮೇಲೆ, "ಅದನ್ನು ಮೊದಲೇ ಹೇಳ್ಬೇಕಲ್ಲ ಮೇಡಂ! ನಾನು ಇಷ್ಟು ಹೊತ್ತು ಕಿವಿಯ ಸಾಮಾನು ತೋರಿಸ್ತಾ ಕೂತಿದ್ದೇನೆ" ಎಂದರು. ಗಿರಾಕಿಗಳ ಕಡೆ ತಿರುಗಿ, "ನೀವು ಒಂದು ಚಾ ಕುಡ್ದು ಬನ್ನಿ ಮಾರಾಯ್ರೇ, ಸ್ವಲ್ಪ ಕೆಲಸ ಉಂಟು" ಎಂದು ಕಳಿಸಿಯೇಬಿಟ್ಟರು.

ಅವರು ಅಂಗಡಿಯ ಎರಡು ತುದಿಯಲ್ಲಿ ಎರಡು ಕಂಪ್ಯೂಟರ್ ಇಟ್ಟರು. ಒಂದರೆದುರು ಅಮ್ಮನನ್ನು, ಇನ್ನೊಂದರೆದುರು ನನ್ನನ್ನು ಕೂರಿಸಿದರು. ಎರಡಕ್ಕೂ ಕ್ಯಾಮೆರಾ ಸಿಕ್ಕಿಸಿ ಕರೆ ಜೋಡಿಸಿದರು. "ಈಗ ನೀವಿಬ್ಬರು ಮಾತಾಡಿ. ನೇರ ನೋಡ್ಬಾರ್ದು, ಇದರಲ್ಲೇ ನೋಡ್ಬೇಕು. ನಿಮಗೆ ಅರ್ಥ ಆಗದಿದ್ರೆ ಆ ಕ್ಯಾಮೆರಾ ಬೇಡ."

ನಾನು ಮಡಿಲಿನಲ್ಲೇ ಬೆರಳು ಆಡಿಸಿದೆ. ಪರದೆಯೊಳಗಿನ ಅಮ್ಮ ಹುಬ್ಬು ಗಂಟಿಕ್ಕಿದಳು. 'ಕಾಣುವುದಿಲ್ಲ. ಮೇಲೆ ಎತ್ತು.' ಇನ್ನೂ ಸ್ವಲ್ಪ ಎತ್ತಿದೆ. 'ಮೇಲೆ.' ಕೊನೆಗೆ ನಾನು ಎರಡೂ ಕೈಯನ್ನು ಎದೆಯ ಮಟ್ಟಕ್ಕೆ ತಂದು, ಅಂಗಡಿಯ ಬಾಗಿಲಲ್ಲಿ ಹಾದುಹೋಗುವವರೆಲ್ಲ ನೋಡುವಂತೆ, ಅಮ್ಮನ ಹಾಗೆ ಅಗಲವಾಗಿ ಕೇಳಿದೆ: 'ಈಗ ಕಾಣುತ್ತಾ?'

'ಈಗ ನನ್ನ ಮಗಳು' ಎಂದಳು ಅಮ್ಮ.

ಒಂದು ಕ್ಯಾಮೆರಾದಲ್ಲಿ ಮೊಣಕೈ ಕತ್ತರಿಸಿಹೋಗುತ್ತಿತ್ತು. ಇನ್ನೊಂದರಲ್ಲಿ ಬೆಳಕು ಸಾಲದೆ ಬೆರಳು ಬೆರಳಿಗೆ ಅಂಟಿಕೊಂಡಂತೆ ಕಾಣುತ್ತಿತ್ತು. ರಝಾಕ್ ಒಂದು ಟೇಬಲ್ ಲ್ಯಾಂಪ್ ತಂದು ಅಮ್ಮನ ಮುಂದೆ ಹಿಡಿದರು. ಕೊನೆಗೆ ಹಾಕಿದ ಕ್ಯಾಮೆರಾದಲ್ಲಿ ಹಣೆಯಿಂದ ಸೊಂಟದವರೆಗೆ ಅಮ್ಮ ಪೂರ್ತಿ ಬಂದಳು. ಕೈ ಎಷ್ಟು ಬೇಗ ಓಡಿದರೂ ಬೆರಳು ಬೆರಳಾಗಿಯೇ ಉಳಿಯಿತು. ಅಮ್ಮ ಮೆಲ್ಲ ಮುಂದೆ ಬಾಗಿ ಹೇಳಿದಳು: 'ಇವರು ಗಡ್ಡಕ್ಕೆ ಬಣ್ಣ ಹಾಕಿದ್ದಾರೆ. ತಲೆಗೆ ಹಾಕಲು ಮರೆತಿದ್ದಾರೆ.' ಇಬ್ಬರೂ ನಕ್ಕೆವು.

"ಎಂತ ಹೇಳಿದ್ರು ಅಮ್ಮ?" ರಝಾಕ್ ಕೇಳಿದರು.

"ಚಿತ್ರ ಸ್ಪಷ್ಟ ಉಂಟಂತೆ."

"ಅಷ್ಟಕ್ಕೆ ಇಷ್ಟು ನಗ್ತಾರಾ?" ಎಂದು ಅವರೂ ನಕ್ಕರು. ಆಮೇಲೆ ಕ್ಯಾಮೆರಾವನ್ನು ಕಳಚಿ ವೈರನ್ನು ಎಳೆದು ತೋರಿಸಿದರು. "ಇದರ ವೈರ್ ಉದ್ದ ಉಂಟು. ಬೇಕಾದ್ರೆ ತೆಗ್ದು ಬೇರೆ ಕಡೆ ತೋರಿಸ್ಲಿಕ್ಕೂ ಆಗ್ತದೆ. ಯಜಮಾನ್ರಿಗೆ ಮನೆ ಎಲ್ಲ ತೋರಿಸ್ಬಹುದು." ಈ ಮಾತನ್ನು ಅವರು ನನಗೆ ಹೇಳಲಿಲ್ಲ. ಅಮ್ಮನನ್ನೇ ನೋಡಿ, ಕೈಯಲ್ಲಿ ಮಾಡಿ ತೋರಿಸಿದರು. ಅಮ್ಮ ತಲೆಯಾಡಿಸಿದಳು. ಅಂಗಡಿಗಳಲ್ಲಿ ಎಲ್ಲರೂ ಅಮ್ಮನ ವಿಷಯವನ್ನು ನನ್ನೊಡನೆ ಮಾತಾಡುವವರೇ. ನೇರ ಅವಳೊಡನೆ ವ್ಯಾಪಾರ ಮಾಡಿದವರನ್ನು ನಾನು ನೋಡಿದ್ದು ಕಡಿಮೆ.

ಬಿಲ್ಲಿನಲ್ಲಿ ಟೇಬಲ್ ಲ್ಯಾಂಪ್ ಇರಲಿಲ್ಲ, ಆದರೆ ಸಾಮಾನಿನ ಜೊತೆ ಕಟ್ಟಿ ಕೊಟ್ಟಿದ್ದರು. ಕೇಳಿದರೆ, "ಅದು ಅಂಗಡಿಯಲ್ಲಿ ಸುಮ್ಮನೆ ಬಿದ್ದದ್ದು" ಎಂದರು. ಪ್ಲಾಸ್ಟಿಕ್ ಸುತ್ತಿದ ಮಾನಿಟರನ್ನು ಅಮ್ಮ ರಿಕ್ಷಾದಲ್ಲಿ ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಬಂದಳು.

ಮುಂದಿನ ದಿನಗಳು ಕಲಿಸುವುದರಲ್ಲಿ ಕಳೆದವು. ಇಂಟರ್ನೆಟ್ ಹಾಕಿಸಿ, ಕಂಪ್ಯೂಟರನ್ನು ಒಳಕೋಣೆಯಲ್ಲಿ ಇಟ್ಟೆವು. ಅಲ್ಲಿ ಗೋಡೆ ಖಾಲಿ ಇದೆ, ಹಿಂದೆ ಏನೂ ಇಲ್ಲದಿದ್ದರೆ ಕೈ ಚೆನ್ನಾಗಿ ಕಾಣುತ್ತದೆ. ಯಾವುದನ್ನು ಯಾವಾಗ ಒತ್ತಬೇಕೆಂದು ನೆನಪಿಡಲು ಅಮ್ಮನೇ ಉಪಾಯ ಹುಡುಕಿದಳು. ಹಣೆಯ ಬೊಟ್ಟುಗಳ ಚೀಟಿ ತಂದು, ಆನ್ ಮಾಡುವ ಗುಂಡಿಗೆ ದೊಡ್ಡ ಕೆಂಪು ಬೊಟ್ಟು, ಕೀಬೋರ್ಡಿನಲ್ಲಿ ಬೇಕಾದ ಕೀಲಿಗಳಿಗೆ ಸಣ್ಣ ಸಣ್ಣ ಹಸಿರು ಬೊಟ್ಟು ಅಂಟಿಸಿದಳು. ಕರೆ ಬಂದದ್ದು ಅವಳಿಗೆ ಕೇಳುವುದಿಲ್ಲವಾದ್ದರಿಂದ, ಅಪ್ಪ ಮೊದಲು ಫೋನಿಗೆ ಒಂದು ಮಿಸ್ಡ್ ಕಾಲ್ ಕೊಡುವುದು, ಸೊಂಟಕ್ಕೆ ಸಿಕ್ಕಿಸಿದ ಫೋನು ಅದುರಿದರೆ ಅಮ್ಮ ಹೋಗಿ ಕೂರುವುದು ಎಂದು ಗೊತ್ತುಮಾಡಿದೆವು. ಅಪ್ಪನ ಕೋಣೆಯ ಗೆಳೆಯರೊಬ್ಬರ ಲ್ಯಾಪ್‌ಟಾಪ್ ಶುಕ್ರವಾರ ಸಿಗುತ್ತದೆ. ಶುಕ್ರವಾರ ಅವರಿಗೆ ರಜೆ.

ನಾನು ಹೊರಡುವ ಮೊದಲಿನ ಶುಕ್ರವಾರ. ನಮ್ಮ ಮನೆಯಲ್ಲಿ ಸತ್ತವರಿಗೆ ಬಡಿಸುವುದನ್ನೂ ಆ ಸಂಜೆಗೇ ಇಟ್ಟುಕೊಂಡಿದ್ದೆವು. ಅತ್ತೆ ಬಂದು ದೀಪ ಹಚ್ಚಿದರು. ಒಳಕೋಣೆಯಲ್ಲಿ, ಕಂಪ್ಯೂಟರಿನ ಮೇಜಿನ ಆಚೆ, ಹಿರಿಯರ ಎಲೆಗಳು, ಕೊನೆಯಲ್ಲಿ ತಮ್ಮನ ಸಣ್ಣ ಎಲೆ. ಬಡಿಸಿ, ಬಾಗಿಲು ಎಳೆದು, ಜಗಲಿಯಲ್ಲಿ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ, ಉಣ್ಣಲು ಬಂದವರಿಗೆ ಸೂಚನೆ ಕೊಡುವಂತೆ, ಕೆಮ್ಮಿ, ಬಾಗಿಲು ತಟ್ಟಿ ತೆರೆದರು. ಎಲೆ ತೆಗೆಯಬೇಕೆನ್ನುವಾಗ ಅಮ್ಮ ಸೊಂಟ ಮುಟ್ಟಿಕೊಂಡಳು. ಫೋನು ಅದುರುತ್ತಿತ್ತು.

ಅಮ್ಮ ಲ್ಯಾಂಪ್ ಹಾಕಿ, ಕುರ್ಚಿಯಲ್ಲಿ ಕೂತು, ಬೊಟ್ಟುಗಳನ್ನು ನೋಡಿ ನೋಡಿ ಒತ್ತಿದಳು. ನಾನು ಹಿಂದೆ ನಿಂತಿದ್ದೆ. ಪರದೆಯ ತುಂಬ ಅಪ್ಪ ಬಂದರು. ಬಾಚಿದ ತಲೆ, ಇಸ್ತ್ರಿ ಹಾಕಿದ ಅಂಗಿ. ಹಿಂದೆ ಎರಡು ಅಂತಸ್ತಿನ ಮಂಚ, ಅದರ ಮೇಲೆ ಯಾರೋ ಮಲಗಿ ಫೋನು ನೋಡುತ್ತಿದ್ದರು. ಹಲವರು ಸೇರಿ ಇರುವ ಆ ಕೋಣೆಯಲ್ಲಿ ಗುಟ್ಟಾಗಿ ಮಾತಾಡಬಲ್ಲವರು ಅಪ್ಪ ಒಬ್ಬರೇ ಎಂದು ನನಗೆ ಆಗ ಅನ್ನಿಸಿತು.

ಆದರೆ ಅಪ್ಪ ಕೈ ಎತ್ತಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟು, ನನ್ನನ್ನು ನೋಡಿ, "ಹೇಳು ಮಗಾ. ಬಡಿಸಿ ಆಯ್ತಾ ಅಂತ ಅಮ್ಮನಿಗೆ ಕೇಳು" ಎಂದರು. ಸ್ಪೀಕರ್ ಇಲ್ಲದ್ದರಿಂದ ನನಗೆ ಏನೂ ಕೇಳಿಸಲಿಲ್ಲ. ಅವರ ತುಟಿ ನೋಡಿ ನಾನು ತಿಳಿದುಕೊಂಡೆ. ಇತ್ತ ಅಮ್ಮನೂ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ, ನಾನು ಏನು ಹೇಳುತ್ತೇನೆಂದು ನನ್ನ ಕೈಗಳನ್ನು ನೋಡುತ್ತಿದ್ದಳು. ಎದುರೆದುರು ಕೂತು ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನನಗಾಗಿ ಕಾಯುತ್ತಿದ್ದರು.

ನನ್ನ ಕೈಗಳು ತಾವಾಗಿ ಮೇಲೇಳುತ್ತಿದ್ದವು. ನಾನು ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ತಲೆಯಾಡಿಸಿ ಪರದೆಯ ಕಡೆ ಕಣ್ಣು ತೋರಿಸಿದೆ.

ಅಮ್ಮ ಪರದೆಯ ಕಡೆ ತಿರುಗಿದಳು. ಆಮೇಲೆ ಅಪ್ಪ ಮೆಲ್ಲನೆ ಬಲಗೈ ಎತ್ತಿದರು. ಎಡಗೈಯನ್ನು ಎಲೆಯ ಹಾಗೆ ಚಾಚಿ, ಅದರ ಮೇಲೆ ಬಡಿಸುವ ಸನ್ನೆ ಮಾಡಿದರು. ತಪ್ಪಾಗಿತ್ತು. ಅ‌ದು ನಮ್ಮಲ್ಲಿ ಮದುವೆ ಊಟದ ಸನ್ನೆ. ಅಮ್ಮನ ಗಂಟಲಿನಿಂದ ಒಂದು ನಗು ಹೊರಬಂತು. ಅವಳು ನಕ್ಕಾಗ ಬರುವ ಆ ಸದ್ದು ಅವಳಿಗೆ ಗೊತ್ತಿಲ್ಲ. ಅವಳು ಸರಿಯಾದದ್ದನ್ನು ಮಾಡಿ ತೋರಿಸಿದಳು. ಅಪ್ಪ ಅದನ್ನು ಹಾಗೇ ಮಾಡಿದರು. ಅಮ್ಮ ಉತ್ತರಿಸಿದಳು. ಅಪ್ಪನ ಇನ್ನೊಂದು ಕೈಯೂ ಮೇಲೆ ಬಂತು.

ಆಮೇಲೆ ಅಮ್ಮ ನನ್ನ ಕಡೆ ತಿರುಗಿದಳು. 'ಹೊರಗೆ ಹೋಗು. ಬಾಗಿಲು ಎಳೆದುಕೊ.'

ಹುಟ್ಟಿದಾಗಿನಿಂದ ಅಪ್ಪ-ಅಮ್ಮನ ಯಾವ ಮಾತಿನಿಂದಲೂ ನನ್ನನ್ನು ಹೊರಗೆ ಕಳಿಸಿದ್ದೇ ಇಲ್ಲ, ಕಳಿಸುವಂತೆಯೂ ಇರಲಿಲ್ಲ. ನಾನು ಹೊಸ್ತಿಲು ದಾಟಿದೆ. ಬಾಗಿಲು ಎಳೆಯುವಾಗ ಕಣ್ಣಿಗೆ ಬಿದ್ದದ್ದು ಇಷ್ಟು: ಅಮ್ಮನ ಕಿರುಬೆರಳು ಗಲ್ಲದ ಮೇಲಿತ್ತು. ಇನ್ನೊಂದು ಕೈ ಮಾನಿಟರಿನ ಮೇಲಿದ್ದ ಕ್ಯಾಮೆರಾವನ್ನು ಕಳಚುತ್ತಿತ್ತು, ಸಣ್ಣ ಎಲೆಯ ಕಡೆಗೆ ತಿರುಗಿಸಲು. ಪರದೆಯೊಳಗೆ ಅಪ್ಪ ಮುಂದಕ್ಕೆ ಬಾಗಿದ್ದರು. ನಾನು ಬಾಗಿಲು ಮುಚ್ಚಿದೆ.

ಜಗಲಿಯಲ್ಲಿ ಅತ್ತೆ ಕೂತಿದ್ದರು. "ಎಂತ ಮಾತಾಡ್ತಾರೆ?" ಎಂದು ಕೇಳಿದರು.

"ಗೊತ್ತಿಲ್ಲ ಅತ್ತೆ."

"ನಿನಗೆ ಗೊತ್ತಿಲ್ಲವಾ?"

"ಇಲ್ಲ."

ಅತ್ತೆ ನನ್ನ ಮುಖ ನೋಡಿ, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಒಳಗಿನಿಂದ ಸದ್ದು ಬರುವ ಹಾಗಿರಲಿಲ್ಲ. ಬಾಗಿಲ ಸಂದಿಯಲ್ಲಿ ಲ್ಯಾಂಪಿನ ಬೆಳಕು ಮಾತ್ರ ಇತ್ತು. ನಡುನಡುವೆ ಅದರಲ್ಲಿ ನೆರಳು ಆಡುತ್ತಿತ್ತು. ಒಮ್ಮೆ ನೆರಳು ನಿಂತುಹೋಯಿತು, ಬಹಳ ಹೊತ್ತು ಆಡಲಿಲ್ಲ. ನನಗೆ ಏಳಬೇಕೆನ್ನಿಸಿತು. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. ಮತ್ತೆ ನೆರಳು ಆಡತೊಡಗಿತು.

ಅಮ್ಮ ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಮುಖ ತಿಳಿಯಾಗಿತ್ತು. ಇಬ್ಬರೂ ಸೇರಿ ಎಲೆ ತೆಗೆದೆವು.

ಮುಂದಿನ ವಾರ ನಾನು ಕಲಬುರಗಿಗೆ ಬಂದೆ. ಆ ದಿನ ಒಳಗೆ ಏನು ಮಾತಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವರ ಎಲ್ಲ ಮಾತುಗಳನ್ನೂ ಹೊತ್ತು ಬೆಳೆದವಳು ನಾನು. ಆ ಒಂದು ಮಾತು ನನಗೆ ತಿಳಿಯದೆ ಉಳಿದದ್ದು ಭಾರ ಇಳಿದಂತೆಯೂ ಅನ್ನಿಸುತ್ತದೆ, ಕೈ ಖಾಲಿಯಾದಂತೆಯೂ ಅನ್ನಿಸುತ್ತದೆ. ಈಗ ನಾನು ಅಮ್ಮನೊಡನೆ ಮಾತಾಡುವಾಗ ಫೋನನ್ನು ಪುಸ್ತಕಗಳಿಗೆ ಒರಗಿಸಿಟ್ಟು, ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿ, ಅಗಲವಾಗಿ ಮಾತಾಡುತ್ತೇನೆ. ನಾನು ಇರುವ ಹಾಸ್ಟೆಲಿನ ಕೋಣೆಯ ಬಾಗಿಲು ತೆರೆದಿದ್ದರೂ ಮುಚ್ಚುವುದಿಲ್ಲ.

ಶುಕ್ರವಾರ ಎಂಬುದನ್ನು ಮರೆತು ಕರೆ ಮಾಡಿದರೆ ಮಾತ್ರ ಸಿಗುವುದಿಲ್ಲ. ಅಮ್ಮ ಬೇರೆ ಕರೆಯಲ್ಲಿದ್ದಾಳೆ ಎಂದು ಪರದೆಯ ಮೇಲೆ ಬರುತ್ತದೆ. ನಾನು ಅದನ್ನು ಒಮ್ಮೆ ಓದಿ, ಫೋನನ್ನು ಮೆಲ್ಲನೆ ಕೆಳಗಿಡುತ್ತೇನೆ.